ಅಪ್‌ಡೇಟ್: ಮೆಟ್ಟುಗಾಲು ಹಕ್ಕಿಗೆ ಕಾಲು ಬಂತು
ಮುನಿರಾಬಾದ್ ಬಳಿ ತುಂಗಭದ್ರಾ ಹಿನ್ನೀರಿನಲ್ಲಿ ತೆಗೆದ ಮೆಟ್ಟುಗಾಲು ಹಕ್ಕಿಯ (ನೀಳ ಕಾಲಿನ ನೀರುಹಕ್ಕಿ) ಚಿತ್ರಗಳು ಏಕೆ ಸಪ್ಪೆ ಎಂದು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನಿಂತು ತೆಗೆಯಬೇಡಿ, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ ಎಂದಿರಿ. ಭಾನುವಾರ ಬೆಳಿಗ್ಗೆ ಗೊಬ್ಬರದ ಚೀಲ ಹಾಸಿ ಕೆಸರಿನಲ್ಲೇ ಬೋರಲು ಮಲಗಿದೆ. ಅಂಗಿಯ ಗತಿ ಕೇಳಬೇಡಿ! ಆದರೆ ಹಿಂದಿನ ಜಾಲಿಗಿಡಗಳೆಲ್ಲ ಮಸುಕಾಗಿ ಕರಗಿ, ಆ ಕೆಂಪು ಕಣ್ಣೊಂದೇ ಹೊಳೆಯಿತು. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ತುಸು ಇಳಿಸಿದ್ದರಿಂದ ಎದೆಯ ಬಿಳಿ, ಸುಣ್ಣ ಬಳಿದಂತೆ ಕಾಣದೆ ಒಂದೊಂದು ಗರಿಯೂ ಕಾಣುವಂತೆ ಉಳಿಯಿತು.

ಮೊದಲೆಲ್ಲ ಹಕ್ಕಿ ದೊಡ್ಡದಾಗಿ ಕಾಣಲೆಂದು ಕ್ರಾಪ್ ಮಾಡುವಾಗ ಗುಲಾಬಿ ಕಾಲುಗಳನ್ನೇ ಕತ್ತರಿಸುತ್ತಿದ್ದೆ. ಈಗ ಚೌಕಟ್ಟನ್ನು ಉದ್ದಕ್ಕೆ ತಿರುಗಿಸಿ, ಪ್ರತಿಬಿಂಬದ ತಲೆಯವರೆಗೂ ಜಾಗ ಬಿಟ್ಟಿದ್ದೇನೆ.

ನೀರನ್ನು ನೀಲಿ ಮಾಡಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಅಂದು ಹಿನ್ನೀರು ಚಹಾದ ಬಣ್ಣಕ್ಕಿತ್ತು, ಹಾಗೆಯೇ ಬಿಟ್ಟಿದ್ದೇನೆ.