ಒಂದು ಕಡೆಯ ಶಾಕ್ ಅಬ್ಸಾರ್ಬರ್ ಸೋರಿದರೆ ಅದೊಂದನ್ನೇ ಬದಲಿಸಬಹುದೇ?

ಪ್ರಶ್ನೆ (ತೀರ್ಥಹಳ್ಳಿ): ನಮಸ್ಕಾರ. ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರು ಸುಮಾರು 80,000 ಕಿ.ಮೀ. ಓಡಿದೆ. ತೋಟದ ಮಣ್ಣುದಾರಿಯಲ್ಲಿ ಹಿಂಭಾಗ ಕುಪ್ಪಳಿಸುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮುಂಭಾಗ ಬಹಳ ತಗ್ಗುತ್ತದೆ. ಹಿಂದಿನ ಎಡಗಡೆಯ ಶಾಕ್ ಮೇಲೆ ಎಣ್ಣೆ ಇಳಿದಿದೆ. ಅದೊಂದನ್ನೇ ಬದಲಿಸಿದರೆ ಸಾಕೇ? ಹಳೆಯದಕ್ಕೇ ಎಣ್ಣೆ ತುಂಬಿಸಿಕೊಡುವುದಾಗಿಯೂ ಒಬ್ಬರು ಹೇಳಿದ್ದಾರೆ.

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ): ನಮಸ್ಕಾರ. ದಯವಿಟ್ಟು ಎಡ, ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಹೊಸದು, ಇನ್ನೊಂದು ಸವೆದದ್ದಾದರೆ ಎರಡು ಚಕ್ರಗಳ ಹಿಡಿತ ಒಂದೇ ಸಮನಾಗಿ ಇರುವುದಿಲ್ಲ. ಘಾಟಿಯ ತಿರುವಿನಲ್ಲಿ ಅದು ಅಪಾಯ.

ಎಣ್ಣೆ ತುಂಬಿಸುವುದು ಬೇಡವೇ ಬೇಡ. ಶಾಕ್‌ನ ಕೊಳವೆಯೊಳಗಿನ ಪಿಸ್ಟನ್ ವಾಲ್ವ್‌ಗಳ ಕಿರುರಂಧ್ರಗಳ ಮೂಲಕ ಎಣ್ಣೆಯನ್ನು ತಳ್ಳುವಾಗ ಸ್ಪ್ರಿಂಗ್ ಪುಟಿಯುವ ಶಕ್ತಿ ಶಾಖವಾಗಿ ಕರಗುತ್ತದೆ. ಕಾರು ಬೇಗ ನೆಲೆಗೊಳ್ಳುವುದು ಇದರಿಂದಲೇ. ಈಗಿನ ಬಹಳಷ್ಟು ಶಾಕ್‌ಗಳಲ್ಲಿ ಎಣ್ಣೆಯ ಜೊತೆಗೆ ಒತ್ತಡದ ನೈಟ್ರೋಜನ್ ಅನಿಲವನ್ನೂ ತುಂಬಿ ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ. ಅದನ್ನು ಕೊರೆದು ಎಣ್ಣೆ ಸುರಿದು ಬೆಸುಗೆ ಹಾಕಿದರೆ ಹೋದ ಅನಿಲ ಮರಳುವುದಿಲ್ಲ, ಸವೆದ ಸೀಲು (ಎಣ್ಣೆ ಹೊರಬರದಂತೆ ತಡೆಯುವ ಬಳೆ) ಹೊಸದಾಗುವುದಿಲ್ಲ.

ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ಕೆಸರುನೀರೂ ಎಣ್ಣೆಯಂತೆ ಕಾಣುವುದರಿಂದ, ಶಾಕನ್ನು ಒರೆಸಿ ನಾಲ್ಕು ದಿನ ಓಡಿಸಿ ಮತ್ತೆ ನೋಡಿ. ಸೀಲಿನ ಬಳಿ ತೆಳುವಾದ ಪಸೆ ಇದ್ದರೆ ದೋಷವಲ್ಲ. ಕೆಳಗಿನವರೆಗೆ ಹರಿದಿದ್ದರೆ ಅದರ ಆಯಸ್ಸು ಮುಗಿದಿದೆ. ಟೈರಿನ ಮೇಲೆ ಅಂಗೈ ಆಡಿಸಿ ನೋಡಿ, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಚಕ್ರ ನೆಲ ಬಿಟ್ಟು ಪುಟಿಯುತ್ತಿರಬಹುದು. ಚಕ್ರ ಪುಟಿದ ಕ್ಷಣದಲ್ಲಿ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಉಪಯೋಗವಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಅದರಲ್ಲೂ ಒದ್ದೆ ರಸ್ತೆಯಲ್ಲಿ, ಆರಾಮಕ್ಕಿಂತ ಇದು ಮುಖ್ಯ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಮುಂಭಾಗ ತಗ್ಗುವುದನ್ನು ನೋಡಿದರೆ ಮುಂದಿನ ಜೋಡಿಯೂ ಸವೆದಿರುವಂತಿದೆ, ಅದನ್ನೂ ತೋರಿಸಿ.

ಪ್ರಶ್ನೆ (ತೀರ್ಥಹಳ್ಳಿ): ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ಜೊತೆಗೆ ಇನ್ನೇನು ಹಾಕಿಸಬೇಕು?

ಉತ್ತರ: ಮುಂದಿನದನ್ನು ಖಂಡಿತ ಮುಟ್ಟಬೇಡಿ. ಅಲ್ಲಿ ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಸ್ಟ್ರಟ್ ಇರುತ್ತದೆ. ಸ್ಪ್ರಿಂಗನ್ನು ಕಂಪ್ರೆಸರ್‌ನಿಂದ (ಸ್ಪ್ರಿಂಗ್ ಅದುಮಿ ಹಿಡಿಯುವ ಸಾಧನ) ಬಿಗಿಯಾಗಿ ಹಿಡಿಯದೆ ಮೇಲಿನ ನಟ್ ಬಿಚ್ಚಿದರೆ ಅದು ಪ್ರಾಣ ತೆಗೆಯುವಷ್ಟು ಬಲದಿಂದ ಸಿಡಿಯುತ್ತದೆ. ಗ್ಯಾರೇಜಿನಲ್ಲಿ ಸ್ಟ್ರಟ್ಟನ್ನು ಕಾರಿನ ಬಾಡಿಗೆ ಜೋಡಿಸುವ ಮೇಲಿನ ಮೌಂಟ್, ಬೇರಿಂಗ್, ಶಾಕ್ ಪೂರ್ತಿ ಅದುಮಿದಾಗ ಬಡಿತ ತಡೆಯುವ ಬಂಪ್ ಸ್ಟಾಪ್ ಮತ್ತು ಧೂಳು ತಡೆಯುವ ರಬ್ಬರ್ ಬೂಟನ್ನೂ (ಹೊದಿಕೆ) ನೋಡಿಸಿ, ಸವೆದಿದ್ದರೆ ಬದಲಿಸಿ. ಬೂಟು ಹರಿದರೆ ನಮ್ಮ ಕೆಮ್ಮಣ್ಣಿನ ಕೆಸರು, ಶಾಕ್‌ನಿಂದ ಹೊರಬರುವ ಪಿಸ್ಟನ್ ರಾಡಿನ ನಯವಾದ ಮೈಯನ್ನು ಗೀರುತ್ತದೆ, ಆ ಗೀರು ಸೀಲನ್ನು ಕೊಯ್ಯುತ್ತದೆ, ಹೊಸ ಶಾಕೂ ಬೇಗ ಸೋರುತ್ತದೆ. ಇದೇ ಕಾರಣಕ್ಕೆ ರಾಡನ್ನು ಇಕ್ಕಳದಿಂದ ಹಿಡಿಯಲು ಬಿಡಬೇಡಿ. ಶಾಕ್‌ನ ಕೆಳತುದಿಯ ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯಲ್ಲಿ ಬಿಗಿಯುವುದು ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಆಗಬೇಕು. ತೂಗಿಬಿಟ್ಟ ಚಕ್ರದಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮುಂದಿನದನ್ನು ಬದಲಿಸಿದ ಮೇಲೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ (ಸಾಗರ): ಅಡಿಕೆ ಮೂಟೆ ಹೇರಿದಾಗ ನಮ್ಮ ಕಾರಿನ ಹಿಂಭಾಗ ಕುಸಿಯುತ್ತದೆ. ಗಟ್ಟಿ ಶಾಕ್ ಹಾಕಿಸಿದರೆ ಸರಿಯಾಗುತ್ತದೆಯೇ?

ಉತ್ತರ: ಇಲ್ಲ. ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಖಾಲಿ ಕಾರಿನಲ್ಲೂ ಹಿಂಭಾಗ ತಗ್ಗಿದ್ದರೆ ಸ್ಪ್ರಿಂಗ್ ಪರೀಕ್ಷಿಸಿ, ತಗ್ಗಿಲ್ಲದಿದ್ದರೆ ಮೂಟೆ ಕಡಿಮೆ ಮಾಡಿ.