ಅತ್ತೆ ಒಂದು ಡಬ್ಬಾನೂ ಬಿಸಾಕೋಕೆ ಬಿಡಲ್ಲ: ಓದುಗರ ಸ್ಪಂದನ

ಹೋದ ವಾರ ದಾವಣಗೆರೆ ನಿಟುವಳ್ಳಿಯ ಓದುಗರೊಬ್ಬರು ಬರೆದಿದ್ರು: ಎರಡು ಬೆಡ್‌ರೂಮಿನ ಮನೆ, ಸಜ್ಜದ ತುಂಬ ಹಿತ್ತಾಳೆ ಕೊಳಗ, ಖಾಲಿ ಎಣ್ಣೆ ಡಬ್ಬ, ಟ್ರಂಕಿನ ತುಂಬ ಬ್ಲೌಸ್ ಪೀಸು, ಗೋಡೆ ಪಕ್ಕ ಹಳೇ ಪೇಪರ್ ಕಟ್ಟು. ಏನ್ ಮುಟ್ಟಿದ್ರೂ ಅತ್ತೆ "ಜಾತ್ರೆಗೆ ಬೇಕಾಗ್ತೈತೆ, ಅಲ್ಲೇ ಇಡು" ಅಂತಾರೆ. ಮಗನಿಗೆ ಓದೋಕೆ ಒಂದು ಟೇಬಲ್ ಹಾಕೋಕೂ ಜಾಗ ಇಲ್ಲ, ಏನ್ ಮಾಡ್ಲಿ?

ಅಕ್ಕಾರೆ, ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡ್ರಿ, ನಮ್ಮನೇಲೂ ಇದೇ ಕತೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆವಾಗ ಮನೆ ತುಂಬ ನೆಂಟ್ರು, ಹಾಸಿಗೆ ಬೇಕು ಪಾತ್ರೆ ಬೇಕು ಅನ್ನೋದೇನೋ ನಿಜಾನೇ. ಅದಕ್ಕೆ ನಾನು ಅತ್ತೆ ಮಾತನ್ನೇ ಹಿಡ್ಕೊಂಡೆ. 2022ರ ಜಾತ್ರೆ ಮುಗಿದು ಪಾತ್ರೆ ತೊಳೆದು ವಾಪಸ್ ಸಜ್ಜಕ್ಕೆ ಏರಿಸೋವಾಗ, ಕೆಳಗೆ ಇಳಿದಿದ್ದಕ್ಕೆಲ್ಲ ಹಿಡಿಗೆ ಒಂದು ಕೆಂಪು ದಾರ ಕಟ್ಟಿದೆ, ಅಷ್ಟೇ, ಯಾರಿಗೂ ಏನೂ ಹೇಳ್ಲಿಲ್ಲ. 2024ರಲ್ಲೂ ಹಂಗೇ ಮಾಡಿದೆ. ಆಮೇಲೆ ನೋಡಿದ್ರೆ ದಾರ ಇಲ್ದೇ ಇರೋವು ಹನ್ನೊಂದು, ಎರಡು ಜಾತ್ರೇಲೂ ಅಲ್ಲಾಡಿಲ್ಲ. ಅತ್ತೇನೇ ಕೆಳಗೆ ನಿಂತು ಎಣಿಸಿದ್ರು. ಏಳು ಕೊಟ್ರು, ನಾಲ್ಕು ಇಟ್ಕೊಂಡ್ರು, ಯಾಕೆ ಅಂತ ನಾನು ಕೇಳೋಕೆ ಹೋಗ್ಲಿಲ್ಲ. ಒಂದ್ ಮಾತು, ಹಿತ್ತಾಳೆನ ಬೀದಿ ಗುಜರಿಯವರ ತಕ್ಕಡಿಗೆ ಹಾಕ್ಬೇಡ್ರಿ, ಪಾತ್ರೆ ಅಂಗಡಿಯವರು ತೂಕಕ್ಕೆ ತಗೊಂಡು ಹೊಸದು ಕೊಡ್ತಾರೆ, ಎರಡು ಮೂರು ಕಡೆ ರೇಟ್ ಕೇಳ್ರಿ. ಇಟ್ಕೊಂಡಿದ್ರಲ್ಲಿ ಅಡಿಗೆ ಮಾಡೋದಾದ್ರೆ ಕಲಾಯಿ ಹಾಕ್ಸಿ, ಹಂಗೇ ಹುಣಸೆಹುಳಿ ಸಾರು ಇಟ್ರೆ ಕಿಲುಬು ಬಿಡ್ತೈತೆ.
ಗೃಹಿಣಿ, ವಿದ್ಯಾನಗರ, ದಾವಣಗೆರೆ

ಬ್ಲೌಸ್ ಪೀಸಿಗೆ ಮಾತ್ರ ಪರಿಹಾರ ಇಲ್ಲ ತಂಗಿ, ಅದು ಊರೆಲ್ಲ ಸುತ್ತಿ ಮನೆಗೇ ಬರೋ ವಸ್ತು. ನಾನೊಂದು ಹಸಿರು ಪೀಸು ಮೂಲೇಲಿ ಅರಿಶಿನದ ಬೆರಳು ತಾಗಿ ಕಲೆ ಆಗಿತ್ತು ಅಂತ ಒಳಮಡಿಕೆ ಮಾಡಿ ಇಲ್ಲೇ ದುರ್ಗದಲ್ಲಿ ಒಬ್ಬರ ಉಡಿ ತುಂಬಿದ್ದೆ. ಮೂರು ವರ್ಷ ಆದ್ಮೇಲೆ ಹೊಳಲ್ಕೆರೆ ಮದುವೇಲಿ ಯಾರೋ ನನ್ನ ಉಡಿಗೆ ಹಾಕಿದ್ರು, ಮನೆಗೆ ಬಂದು ಬಿಚ್ಚಿ ನೋಡಿದ್ರೆ ಅದೇ ಬೆರಳು! ಈಗ ನಾನು ಮಾಡೋದು ಏನಪ್ಪಾ ಅಂದ್ರೆ, ಹೊಲಿಸೋಕಾಗೋ ಹತ್ತು ಇಟ್ಕೊಂಡು ಮಿಕ್ಕಿದ್ದನ್ನ ಹಳೇ ಕಾಟನ್ ಸೀರೆ ಜೊತೆ ಕೌದಿ ಹೊಲಿಯೋರಿಗೆ ಕೊಡ್ತೀನಿ. ನಾಲ್ಕು ಸೀರೆ ಒಂದು ಕೌದಿ ಆಗಿ ಮಂಚದ ಮೇಲೆ ಹೋಗ್ತಾವೆ, ಜಾತ್ರೆಗೆ ಹಾಸಿಗೇನೂ ಆಯ್ತು, ಅತ್ತೆ ಸೀರೆ ಮನೇಲೇ ಇದ್ದಂಗೂ ಆಯ್ತು. ರೇಷ್ಮೆ ಸೀರೆ ಅದಕ್ಕೆ ಹಾಕ್ಬೇಡ್ರಿ ಮತ್ತೆ. ಅದನ್ನ ತೆಳು ಕಾಟನ್ ಬಟ್ಟೇಲಿ ಸುತ್ತಿ ಆಗಾಗ ಮಡಿಕೆ ಬದಲಾಯಿಸ್ರಿ, ನುಸಿಗುಳಿಗೆ ಜರಿಗೆ ತಾಗಿದ್ರೆ ಕಪ್ಪಾಗ್ತೈತೆ.
ಇಬ್ಬರು ಸೊಸೆಯಂದಿರ ಅತ್ತೆ, ಚಿತ್ರದುರ್ಗ

ಪೇಪರ್ ಕಟ್ಟಿನ ಬಗ್ಗೆ ಒಂದೆರಡು ಮಾತು. ಬರೀ ದಿನಪತ್ರಿಕೆ ಆದ್ರೆ ಇವತ್ತೇ ತೂಕಕ್ಕೆ ಹಾಕಿ, ಗೋಡೆಗೆ ಒತ್ತಿ ಇಟ್ರೆ ಗೆದ್ದಲಿಗೆ ನೀವೇ ಊಟ ಬಡಿಸಿದಂಗೆ. ಆದ್ರೆ ಹಾಕೋಕೆ ಮುಂಚೆ ಒಂದೊಂದೂ ಕೊಡವಿ ನೋಡಿ, ನಮ್ಮಪ್ಪ ಹೊಲದ ಕ್ರಯಪತ್ರನ ಹಳೇ ಪಂಚಾಂಗದೊಳಗೆ ಇಟ್ಟಿದ್ರು, ಗುಜರಿ ಗಾಡಿ ಬೀದಿ ತಿರುವಿಗೆ ಹೋದಾಗ ನೆನಪಾಗಿ ಲುಂಗೀಲೇ ಓಡಿದ್ದೆ. ಆಧಾರ್, ಡ್ರೈವಿಂಗ್ ಲೈಸೆನ್ಸ್ ಇವೆಲ್ಲ ಡಿಜಿಲಾಕರ್‌ನಲ್ಲಿ ಸಿಗ್ತವೆ, ಹಾಗಂತ ಜೆರಾಕ್ಸ್ ಜೊತೆ ಒರಿಜಿನಲ್ಲೂ ಹರಿದು ಹಾಕ್ಬೇಡಿ, ಕ್ರಯಪತ್ರ ಅಂತೂ ಬೀರುವಿನಲ್ಲೇ ಇರ್ಲಿ. ಫ್ರಿಜ್ಜು ಟಿವಿ ಬಿಲ್ಲು ನುಣುಪು ಕಾಗದದ್ದಾದ್ರೆ ಕೊಂಡ ದಿನವೇ ಫೋಟೋ ತೆಗೀರಿ, ವಾರಂಟಿ ಮುಗಿಯೋ ಮುಂಚೆ ಅಕ್ಷರಾನೇ ಮಾಯ ಆಗ್ತವೆ. ಕೆಟ್ಟ ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬು ಇದ್ರೆ ಒಡೀಬೇಡಿ, ಒಳಗೆ ಪಾದರಸ ಇರ್ತದೆ, ಪಾಲಿಕೆ ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ.
ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಎಲ್ಲಾ ಗುಜರಿಗೆ ಹಾಕ್ರಿ. ಎರಡು ದಿನ ಬೈತಾರೆ, ಸುಮ್ನಾಗ್ತಾರೆ.
ಹರಿಹರದಿಂದ ಒಬ್ಬರು

ಮೇಲೆ ಹರಿಹರದೋರು ಬರೆದಿದ್ದು ಓದಿ ಕೈ ನಡುಗ್ತು, ಅದಕ್ಕೇ ಮೊಮ್ಮಗಳ ಕೈಲಿ ಬರೆಸ್ತಿದೀನಿ. ನಮ್ಮನೆಯವರು ಹತ್ತಿ ಮಿಲ್ಲಿನಲ್ಲಿದ್ರು. ಆಗ ನಮ್ಮ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಮಿಲ್ಲಿನ ಸೈರನ್ ಕೇಳಿ ನಾವು ಒಲೆ ಹಚ್ತಿದ್ವಿ. ಮಿಲ್ಲು ನಿಂತ ಮೇಲೆ ನಾನು ಮಂಡಕ್ಕಿ ಮಾರಿ ಮೂರು ಮಕ್ಕಳನ್ನ ಓದಿಸಿದೆ. ಮಂಡಕ್ಕಿ ಗಾಳಿ ತಾಗಿದ್ರೆ ಮೆತ್ತಗಾಗ್ತಾವೆ, ಚಳ್ಳಕೆರೆ ಕಡೆಯಿಂದ ಬರ್ತಿದ್ದ 15 ಕೆಜಿ ಶೇಂಗಾ ಎಣ್ಣೆ ಡಬ್ಬ ತೊಳೆದು ಒಣಗಿಸಿ ಬಾಯಿ ಕತ್ತರಿಸಿ ಮುಚ್ಚಳ ಮಾಡಿಸಿದ್ದೆ, ಬೆರಳು ಕುಯ್ದಿದ್ದು ಈಗಲೂ ಕಾಣ್ತೈತೆ. ಹೋದ ವರ್ಷ ನಾನು ಮಗಳ ಮನೇಲಿದ್ದಾಗ ಸೊಸೆ ಆರು ಡಬ್ಬಾನೂ ಗುಜರಿಗೆ ಹಾಕಿದ್ಲು. ನಾಲ್ಕು ದಿನ ನಾನು ಮಾತಾಡ್ಲಿಲ್ಲ. ಕೇಳಿದ್ರೆ ಐದು ನಾನೇ ಕೊಡ್ತಿದ್ದೆ ಕಣವ್ವ. ನಿಮ್ಮತ್ತೆ ಊರಿಗೆ ಹೋದಾಗ ಮಾತ್ರ ಏನೂ ಮುಟ್ಟಬೇಡ. ಇನ್ನೊಂದು, ಬಾಲ್ಕನೀಲಿ ಆನ್‌ಲೈನ್ ರಟ್ಟಿನ ಡಬ್ಬಿ "ರಿಟರ್ನ್ ಮಾಡ್ಬೇಕಾದ್ರೆ ಬೇಕು" ಅಂತ ಇಟ್ಟಿರ್ತೀರಲ್ಲ, ಅವು ಎಷ್ಟದಾವೆ ಅಂತ ಬರೀಲೇ ಇಲ್ಲ ನೀನು?
ಹೆಸರು ಬೇಡ, ದಾವಣಗೆರೆ ಹಳೇ ಊರು

ನಾನು ಬಡಗಿ ಕೆಲಸ ಮಾಡೋನು, ಅತ್ತೆ ಸೊಸೆ ವಿಷಯ ನಂಗೆ ಬೇಡ. ಹುಡುಗನಿಗೆ ಟೇಬಲ್ ಬೇಕು ತಾನೆ? ಗೋಡೆಗೆ ಮಡಚೋ ಬ್ರಾಕೆಟ್ ಹಾಕಿ ಮೂರಡಿ ಉದ್ದ ಒಂದೂವರೆ ಅಡಿ ಅಗಲದ ಹಲಗೆ ಕೂರಿಸಿದ್ರೆ ಓದುವಾಗ ಎತ್ತು, ಮಲಗೋವಾಗ ಇಳಿಸು. ಸುಮಾರು ಎರಡೂವರೆ ಅಡಿ ಎತ್ತರಕ್ಕೆ ಬರ್ಲಿ. ಗೋಡೆ ಹಾಲೋ ಬ್ಲಾಕಿನದ್ದಾದ್ರೆ ಮೊದಲೇ ಹೇಳ್ರಿ, ಅದಕ್ಕೆ ಬೇರೆ ಥರ ಫಾಸ್ಟನರ್ ಬೇಕು, ಸಾದಾ ಸ್ಕ್ರೂ ಕಿತ್ಕೊಂಡು ಬರ್ತಾವೆ. ಅಳತೆಗೆ ಯಾರನ್ನಾದ್ರೂ ಕರೆಯೋ ಮುಂಚೆ ಆ ಪೇಪರ್ ಕಟ್ಟೊಂದು ಸರಿಸಿರ್ರಿ, ಟೇಪ್ ಹಿಡಿಯೋಕೆ ಗೋಡೆ ಕಾಣ್ಬೇಕಲ್ಲ.
ದಾವಣಗೆರೆ