ಸಹಾಯ ಬೇಕು: ಸೆಸ್ನಾ 172ರ ಆಯಿಲ್ ಬಿಸಿಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಹಾಯೋದಲ್ಲಿದ್ದೇನೆ. ನಾಲ್ಕು ಜನ ಸೇರಿ ಒಂದು ಹಳೇ ಸೆಸ್ನಾ 172 ಚಿಕ್ಕ ವಿಮಾನ ಇಟ್ಟುಕೊಂಡಿದ್ದೇವೆ. ಲೈಕಮಿಂಗ್ ಕಂಪನಿಯ ಓ-320 ಎಂಜಿನ್.

ಚಳಿ ಶುರುವಾದ ಮೇಲೆ ಒಂದು ಗಂಟೆ ಹಾರಿಸಿದರೂ ಆಯಿಲ್ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿಲ್ಲ. ಲೈಕಮಿಂಗ್ ಪ್ರಕಾರ ಹಾರುವಾಗ 74ರಿಂದ 104 ಇರಬೇಕು, 118 ಮೀರಬಾರದು. ಬಿಸಿ ಕಡಿಮೆಯಾದರೆ ಒಳ್ಳೇದೇ ಅಲ್ವಾ ಅಂದುಕೊಂಡಿದ್ದೆ! ಮೊನ್ನೆ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ನೊರೆಯಂಥ ಹಳದಿ ಪಸೆ. ಆಯಿಲ್ ಸಾಕಷ್ಟು ಬಿಸಿಯಾಗದೆ ನೀರಿನಂಶ ಆವಿಯಾಗಿ ಹೋಗಿಲ್ಲ. ಈ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ ದಂಡ) ಮೇಲ್ಗಡೆ ಇರುತ್ತೆ. ನಿಂತಾಗ ಅದರ ಮೇಲಿನ ಆಯಿಲ್ ಇಳಿದು ಮೊದಲು ತುಕ್ಕು ಹಿಡಿಯೋದೇ ಅದಕ್ಕೆ. ನನಗೆ ಅದೇ ಭಯ.

ಪಾಲುದಾರರೊಬ್ಬರು ವಾರಕ್ಕೊಮ್ಮೆ ಹತ್ತು ನಿಮಿಷ ಸುಮ್ನೆ ನೆಲದಲ್ಲೇ ಎಂಜಿನ್ ಓಡಿಸುತ್ತಾರೆ. ಅದರಿಂದ ನೀರು ಜಾಸ್ತಿಯೇ ಆಗುತ್ತೆ ಅಂದರೆ ಕೇಳೋದಿಲ್ಲ.

ನನ್ನ ಪ್ರಶ್ನೆ: ಆಯಿಲ್ ಬಿಸಿ ತೋರಿಸೋ ಗೇಜೇ ಸುಳ್ಳು ಹೇಳುತ್ತಿರಬಹುದಾ? ಅದರ ಪ್ರೋಬ್ ಬಿಚ್ಚಿ ಕುದಿಯೋ ನೀರಲ್ಲಿಟ್ಟು ನೋಡಿದವರು ಇದ್ದೀರಾ? ವರ್ನಾಥರ್ಮ್ (ಆಯಿಲ್ ಬಿಸಿಯಾದಾಗ ಮಾತ್ರ ಅದನ್ನು ಕೂಲರ್‌ಗೆ ಕಳಿಸೋ ವಾಲ್ವ್) ಕೆಟ್ಟು ಆಯಿಲ್ ಯಾವಾಗಲೂ ಕೂಲರ್‌ಗೇ ಹೋಗುತ್ತಿದ್ದರೆ ಪತ್ತೆ ಹೇಗೆ? ತಣ್ಣನೆ ಗಾಳಿ ಒಳಹೋಗೋದನ್ನು ಕಡಿಮೆ ಮಾಡೋ ಚಳಿಗಾಲದ ಮುಚ್ಚಳದ ಕಿಟ್ ಹಾಕಿದವರಿಗೆ ಎಷ್ಟು ಡಿಗ್ರಿ ಏರಿತು? ಮೆಕ್ಯಾನಿಕ್ ಶನಿವಾರ ಬರ್ತಾರೆ, ಅಷ್ಟರೊಳಗೆ ಹೇಳಿದರೆ ಉಪಕಾರ.